ಹಣ ಬೇಡವೆಂದ ಮೇಲೆ

ಗಂಗಾವತಿ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಗ್ರಾಮ ಆಡಳಿತಾಧಿಕಾರಿಯಾಗಿ ಕೆಲಸಕ್ಕೆ ಸೇರಿದ ಮೇಲೆ ನೀನು ಬರೆದ ಪತ್ರ ತಲುಪಿತು. ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಬಾಡಿಗೆ ಮನೆ, ಬಸ್ಸಿನ ಅವಸ್ಥೆ, ಹಗಲೂ ರಾತ್ರಿ ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಇವೆಲ್ಲ ಕಷ್ಟವೇ, ಆದರೆ ದಾಟಬಹುದಾದ ಕಷ್ಟಗಳು. ಮೂರನೇ ಪುಟದ ಕೊನೆಯ ಸಾಲುಗಳನ್ನು ದಾಟಲು ಮಾತ್ರ ನನ್ನಿಂದ ಆಗಲಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದ ಮುದುಕಿ ಸೆರಗಿನ ಗಂಟು ಬಿಚ್ಚಿ ನಿನ್ನ ಮುಂದೆ ನೋಟುಗಳನ್ನಿಟ್ಟಳು; ನೀನು ವಾಪಸು ಕೊಟ್ಟೆ; ಅವಳು ತನ್ನ ಕೆಲಸ ಕೆಟ್ಟಿತೆಂದು ಅಳುತ್ತಾ ಹೋದಳು. ಅದರ ಕೆಳಗೆ ಬರೆದಿದ್ದೀಯ: "ದೊಡ್ಡಮ್ಮ, ತೆಗೆದುಕೊಂಡರೂ ಕಳ್ಳಿ, ತೆಗೆದುಕೊಳ್ಳದಿದ್ದರೂ ಕಳ್ಳಿ. ಯಾರೂ ನಂಬದ ಮೇಲೆ ಯಾರಿಗಾಗಿ ನೆಟ್ಟಗಿರಬೇಕು?"

ಸತ್ಯಕ್ಕೆ ಸಾವಿಲ್ಲ, ದೇವರು ನೋಡುತ್ತಾನೆ ಎಂದು ಬರೆದು ಮುಗಿಸಬಹುದಿತ್ತು. ಬರೆಯಲು ಮನಸ್ಸು ಒಪ್ಪಲಿಲ್ಲ. ನಿನ್ನ ಭಯ ಸುಳ್ಳಲ್ಲ. ನಿನ್ನನ್ನು ನೋಡುವ ಮೊದಲೇ ಜನ ನಿನ್ನ ಬಗ್ಗೆ ತೀರ್ಮಾನ ಮಾಡಿಕೊಂಡಿದ್ದಾರೆ. ಈ ಕೆಲಸಕ್ಕೆ ಎಷ್ಟು ಲಕ್ಷ ಕೊಟ್ಟೆ ಎಂದು ನಿನ್ನನ್ನು ಚಹಾದಂಗಡಿಯಲ್ಲಿ ಕೇಳಿದರಂತೆ. ನಿನ್ನ ಓದು, ನಿದ್ದೆಗೆಟ್ಟ ರಾತ್ರಿಗಳು ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಿರುವುದು ಪಿಎಸ್‌ಐ ನೇಮಕಾತಿಯ ಕಥೆ. 545 ಹುದ್ದೆಗಳ ಪಟ್ಟಿ ಪ್ರಕಟವಾಗಿ, ಉತ್ತರ ಪತ್ರಿಕೆಗಳನ್ನೇ ತಿದ್ದಿದ್ದು ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದಾಯಿತಲ್ಲ, ಅದರಲ್ಲಿ ಕಷ್ಟಪಟ್ಟು ಓದಿ ಪಾಸಾದವರೂ ಇದ್ದರು. ಅವರ ಮುಖ ಯಾರಿಗೆ ನೆನಪಿದೆ? ಕೇಳಿದವನ ಮೇಲೆ ಸಿಟ್ಟಾಗಬೇಡ.

ಈ ಅಪನಂಬಿಕೆ ನಿನ್ನೆ ಮೊನ್ನೆಯದೂ ಅಲ್ಲ. ಊರಿನ ಭೂದಾಖಲೆ ಇಡುತ್ತಿದ್ದವನು ತುಂಗಭದ್ರೆಯ ಈ ದಂಡೆಯಲ್ಲಿ ನಿಜಾಮರ ಪಟವಾರಿ, ನೀನಿರುವ ಆ ದಂಡೆಯಲ್ಲಿ ಮದ್ರಾಸು ಸರ್ಕಾರದ ಕರಣಂ. ಹೊಲ ಯಾರದ್ದೆಂದು ಹೇಳುವ ಪುಸ್ತಕ ಒಂದೇ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು, ಪುಸ್ತಕ ಗ್ರಾಮ ಲೆಕ್ಕಿಗರ, ಅಂದರೆ ಈಗ ನೀನಿರುವ ಹುದ್ದೆಯವರ, ಚೀಲಕ್ಕೆ ಬಂತು. ಚೀಲ ಬಿಚ್ಚಿಸಲು ಏನು ಮಾಡಬೇಕೆಂಬುದು ಜನಕ್ಕೆ ಮೊದಲಿನಿಂದಲೂ ಗೊತ್ತಿತ್ತು. ನಿನ್ನ ಮುದುಕಿ ಗಂಟು ಬಿಚ್ಚಲು ಕಲಿತದ್ದು ಅವಳ ತಾಯಿಯಿಂದಲೋ ಅತ್ತೆಯಿಂದಲೋ ಇರಬೇಕು.

ಭೂಮಿ ಯೋಜನೆ ಬಂದಾಗ ನಾನು ತಾಲ್ಲೂಕು ಕಚೇರಿಯಲ್ಲಿದ್ದೆ. ಕೈಬರಹದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದೆವು. ಆಗ 15 ರೂಪಾಯಿ ಕೊಟ್ಟರೆ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ, ಅಧಿಕಾರಿ ಬೆರಳೊತ್ತಿದರೆ ಮಾತ್ರ ಯಂತ್ರ ತೆರೆಯುತ್ತದೆ. ಕಿಟಕಿಯಲ್ಲಿ ಪಹಣಿ ಪಡೆದ ರೈತನೊಬ್ಬ ಅಲ್ಲೇ ನಿಂತಿದ್ದ. ಇನ್ನೇನು ಬೇಕಪ್ಪ ಎಂದೆ. "ಮತ್ತೇನೂ ಕೊಡಬೇಕಾಗಿಲ್ಲವೇ?" ಎಂದ. ಇನ್ನು ಎಲ್ಲ ಸರಿಹೋಗುತ್ತದೆ ಎಂದು ಆ ದಿನ ನಾನು ನಿಜವಾಗಿ ನಂಬಿದ್ದೆ. ಕೆಲವೇ ವರ್ಷಗಳಲ್ಲಿ ಒಳಗೆ ಹಣ ಪಡೆಯುತ್ತಿದ್ದ ಕೈ ಹೊರಗಿನ ಟೈಪಿಂಗ್ ಅಂಗಡಿಗಳ ಸಾಲಿಗೆ ಹೋಯಿತು. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದಿಸಲು ಅಲ್ಲಿಂದಲೇ ದಾರಿ.

ಬಳ್ಳಾರಿಗೆ ವರ್ಗವಾದದ್ದು ಗಣಿಯ ಕಾಲದಲ್ಲಿ. ಸಂಡೂರು, ಹೊಸಪೇಟೆಯ ರಸ್ತೆಗಳ ಕೆಂಪು ಧೂಳು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಪರ್ಮಿಟ್ ಇಲ್ಲದ ಅದಿರು ಬೇಲೆಕೇರಿ ಬಂದರಿನವರೆಗೆ ಹೋಗಬೇಕಾದರೆ ದಾರಿಯಲ್ಲಿ ಎಷ್ಟು ಚೆಕ್‌ಪೋಸ್ಟ್ ದಾಟಬೇಕು, ಎಷ್ಟು ಜನ ಕಣ್ಣು ಮುಚ್ಚಬೇಕು ಎಂದು ಯೋಚಿಸು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಈ ಅಕ್ರಮ ಗಣಿಗಾರಿಕೆಯ ಬಗ್ಗೆ 2008ರ ಡಿಸೆಂಬರಿನಲ್ಲಿ ಒಂದು ವರದಿ ಕೊಟ್ಟರು, 2011ರ ಜುಲೈನಲ್ಲಿ ಇನ್ನೊಂದು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮಂತ್ರಿಗಳ, ಗಣಿ ಮಾಲೀಕರ ಹೆಸರುಗಳನ್ನು ಜನ ಇಂದಿಗೂ ಹೇಳುತ್ತಾರೆ. ನನ್ನನ್ನು ಕಾಡಿದ್ದು ವರದಿಯೊಳಗೆ ಬಂದ ಅಧಿಕಾರಿಗಳು, ನೌಕರರು. ನಮ್ಮಂತೆ ಸಂಬಳದ ದಿನಕ್ಕೆ ಕಾಯುತ್ತಿದ್ದವರು, ಮಕ್ಕಳ ಶಾಲೆಯ ಶುಲ್ಕಕ್ಕೆ ಸಾಲ ಕೇಳುತ್ತಿದ್ದವರು. ಆ ಕಾಲದಲ್ಲಿ ಬೆಂಗಳೂರಿಗೆ ಹೋಗಿ ಬಳ್ಳಾರಿಯ ಸರ್ಕಾರಿ ನೌಕರಳು ಎಂದರೆ ಎದುರಿಗಿದ್ದವರ ಮುಖದಲ್ಲಿ ಒಂದು ನಗು ಬರುತ್ತಿತ್ತು. ಆ ನಗುವಿನ ಕಾರಣಕ್ಕೇ ನಿನ್ನಜ್ಜಿ ಯಾರ ಮುಂದೆಯೂ "ನನ್ನ ಮಗಳು ಹಣ ಮುಟ್ಟುವುದಿಲ್ಲ" ಎಂದು ಹೇಳುವುದನ್ನು ನಿಲ್ಲಿಸಿಬಿಟ್ಟಳು. ಹೇಳಿದರೆ ನಗುತ್ತಾರೆ ಎಂದಳು.

ಇನ್ನು ಒಂದು ಸಂಗತಿಯನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನಿವೃತ್ತಿಯಾಗಿ ಬಹಳ ದಿನಗಳ ಮೇಲೆ ಕಾರಟಗಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸು ನನ್ನ ಗುರುತು ಹಿಡಿದಳು. "ಅಮ್ಮ, ನಮ್ಮ ಹೊಲದ ಕೆಲಸ ನೀವೇ ಮಾಡಿಕೊಟ್ಟಿರಿ, ನಿಮ್ಮ ಪಾಲಿನದು ತಲುಪಿತ್ತಲ್ಲವೇ?" ಎಂದು ಕೇಳಿದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಚೇರಿಯ ಹೊರಗೆ ಯಾರೋ "ಮೇಡಂ ಅವರಿಗೆ" ಎಂದು ಹೇಳಿ ಅವಳಿಂದ ಹಣ ಪಡೆದಿದ್ದರು. ಅವಳೊಬ್ಬಳಿಂದಲೇ ಇರಲಾರದು. ಸರದಿಯಂತೆ ತಾನಾಗಿಯೇ ಆಗುವ ಕೆಲಸಕ್ಕೆ ನನ್ನ ಹೆಸರಿನಲ್ಲಿ ಬೆಲೆ ಕಟ್ಟಲಾಗಿತ್ತು. ಅವಳ ಮಾತಿನಲ್ಲಿ ದೂರಿರಲಿಲ್ಲ, ಕೃತಜ್ಞತೆಯೇ ಇತ್ತು. ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ ಮಗಳೇ. ನಾನು ಮುಟ್ಟಲಿಲ್ಲ ಎಂಬುದು ನನ್ನೊಬ್ಬಳಿಗೆ ಗೊತ್ತಿದ್ದ ಗುಟ್ಟಾಗಿ ಉಳಿದಿತ್ತು. ಈ ಕೆಲಸಕ್ಕೆ ಶುಲ್ಕ ಇಷ್ಟು, ದಿನ ಇಷ್ಟು, ಬೇರೇನೂ ಇಲ್ಲ ಎಂದು ಕಟ್ಟೆಯ ಮೇಲೆ ಕುಳಿತ ಜನಕ್ಕೆ ನಾನೇ ಹೋಗಿ ಹೇಳಿದ್ದರೆ ಆ ಹೆಂಗಸಿನ ದುಡ್ಡು ಉಳಿಯುತ್ತಿತ್ತೇನೋ. ಈ ಕೊರಗು ಈಗಲೂ ಹೋಗಿಲ್ಲ. ನಿನ್ನ ಪತ್ರದ ಆ ಸಾಲು ನನ್ನ ನಿದ್ದೆ ಕೆಡಿಸಿದ್ದು ಇದಕ್ಕೇ.

ಹೆದರಿಕೆಯಿಂದ ನಂಬಿಕೆ ಬರುತ್ತದೆಯೇ ಎಂದರೆ, ಅದನ್ನೂ ನೋಡಿದ್ದೇನೆ. ಒಮ್ಮೆ ನಮ್ಮ ಕಚೇರಿಯಲ್ಲೇ ಒಬ್ಬರು ಲಂಚ ಪಡೆಯುವಾಗ ಸಿಕ್ಕಿಬಿದ್ದರು. ನೋಟಿಗೆ ಹಚ್ಚಿದ ಪುಡಿ, ಸೋಡಾ ನೀರಿನಲ್ಲಿ ಅದ್ದಿಸಿದ ಬೆರಳು, ಗುಲಾಬಿಯಾದ ನೀರು, ಎಲ್ಲವೂ ಪತ್ರಿಕೆಯಲ್ಲಿ ಓದುವಂತೆಯೇ ನಡೆಯಿತು. ತಪ್ಪು ಮಾಡಿದವರು ಅನುಭವಿಸಿದರು, ಅದು ಸರಿಯೇ. ಆದರೆ ಆಮೇಲೆ ಕಚೇರಿಯ ಎಲ್ಲ ಪೆನ್ನುಗಳೂ ನಿಂತವು. ಪ್ರತಿ ಅರ್ಜಿಗೂ ಇನ್ನೊಂದು ದಾಖಲೆ ತನ್ನಿ, ಇನ್ನೊಂದು ಅಫಿಡವಿಟ್ ತನ್ನಿ. ಹೊರಗೆ ಬಿಸಿಲಿನಲ್ಲಿ ನಿಂತವರು ತಮ್ಮೊಳಗೇ ಮಾತಾಡಿಕೊಂಡದ್ದನ್ನು ನಾನು ಕೇಳಿದೆ: ಮೊದಲು ಕೊಟ್ಟರೆ ಆಗುತ್ತಿತ್ತು, ಈಗ ಕೊಟ್ಟರೂ ಆಗುವುದಿಲ್ಲ. ಹಣ ಬೇಡವೆನ್ನುವ ಕಚೇರಿ ಎಂದರೆ ಕೆಲಸ ಮಾಡದ ಕಚೇರಿ ಎಂದು ಜನ ಅಲ್ಲಿ ಕಲಿತರು. ಲೋಕಾಯುಕ್ತದ ಪೊಲೀಸ್ ಅಧಿಕಾರವನ್ನು 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಕೊಟ್ಟರು, 2022ರ ಆಗಸ್ಟಿನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ಅದು ಮತ್ತೆ ಲೋಕಾಯುಕ್ತಕ್ಕೆ ಬಂತು. ಅಂಥದ್ದೊಂದು ಕಾವಲು ಇರಲೇಬೇಕು, ನನಗೆ ಅನುಮಾನವಿಲ್ಲ. ಆ ಮುದುಕಿಯ ಕಣ್ಣೀರಿಗೆ ಮಾತ್ರ ಅದರಲ್ಲಿ ಉತ್ತರವಿಲ್ಲ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟವರು 7 ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ವಿನಾಯಿತಿ. ಇದನ್ನು ಅವಳಿಗೆ ಹೇಳಿ ಹೆದರಿಸಬೇಡ. ಅವಳಿಗೆ ಹೆದರಿಕೆ ಈಗಾಗಲೇ ಸಾಕಷ್ಟಿದೆ.

ಹಾಗಾದರೆ ಜನ ಯಾರನ್ನು ನಂಬುತ್ತಾರೆ? ರಾತ್ರಿಯೆಲ್ಲ ಯೋಚಿಸಿದಾಗ ನನಗೆ ಹೊಳೆದದ್ದು ಒಬ್ಬ ಲಸ್ಕರ್, ಕಾಲುವೆಯ ನೀರು ನೋಡಿಕೊಳ್ಳುವ ಕೆಳಹಂತದ ನೌಕರ. ಮಾನ್ವಿಯಲ್ಲಿ ಕಾಲುವೆಯ ಕೊನೆಯಂಚಿಗಿದ್ದ ನಿನ್ನಜ್ಜನ ಹೊಲದ ಕಥೆ ನಿನಗೆ ಗೊತ್ತು. ಈ ಮನುಷ್ಯನ ಬಗ್ಗೆ ಗೊತ್ತಿರಲಿಕ್ಕಿಲ್ಲ. ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿ ಸೇರಿ, ಎಡದಂಡೆ ಕಾಲುವೆಗೆ ಇಂಥ ದಿನದಿಂದ ಇಂಥ ದಿನದವರೆಗೆ ನೀರು ಎಂದು ಪ್ರಕಟಿಸುತ್ತಿತ್ತು. ಅಪ್ಪ ಪತ್ರಿಕೆ ಓದಿ ಮಡಚಿ ಇಟ್ಟುಬಿಡುತ್ತಿದ್ದರು. ಮೇಲ್ಭಾಗದಲ್ಲಿ ಎಳೆದುಕೊಳ್ಳುವವರೆಲ್ಲ ಎಳೆದುಕೊಂಡ ಮೇಲೆ ಕೊನೆಯಂಚಿಗೆ ಏನು ಉಳಿಯುತ್ತದೆಂಬುದು ಪ್ರಕಟಣೆಯಲ್ಲಿ ಇರುತ್ತಿರಲಿಲ್ಲ. ಅವರು ಕಾಯುತ್ತಿದ್ದದ್ದು ಸೈಕಲ್ ಮೇಲೆ ಬರುವ ಲಸ್ಕರ್‌ಗಾಗಿ. ಅವನು ಕಟ್ಟೆಯ ಮೇಲೆ ನಿಂತು, "ಗೌಡರೇ, ಮೇಲೆ ನೀರಿನ ಮಟ್ಟ ತೋರಿಸುವ ಗೇಜ್ ನಿಲ್ಲುತ್ತಿಲ್ಲ. ಈ ಸಲ ಭತ್ತ ಹಚ್ಚಬೇಡಿ, ಜೋಳ ಹಾಕಿಕೊಳ್ಳಿ" ಎನ್ನುತ್ತಿದ್ದ. ಅಪ್ಪ ಜೋಳ ಹಾಕುತ್ತಿದ್ದರು. ಇನ್ನೊಂದು ವರ್ಷ ಹಚ್ಚಿ ಎಂದರೆ ಸಸಿಮಡಿಗೆ ಹೊರಡುತ್ತಿದ್ದರು. ಇಂಜಿನಿಯರ ಜೀಪು ಬಂದರೆ ಎದ್ದು ನಿಂತು ನಮಸ್ಕರಿಸುತ್ತಿದ್ದ ಊರು, ಮಾತನ್ನು ನಂಬುತ್ತಿದ್ದದ್ದು ಆ ಸೈಕಲ್ಲಿನವನದನ್ನು.

ಅವನು ನೀರು ತಂದುಕೊಟ್ಟವನಲ್ಲ. ಎಷ್ಟೋ ವರ್ಷ ಇಲ್ಲ ಎಂದೇ ಹೇಳಿದವನು. ಆದರೆ ಇಲ್ಲ ಎಂಬುದನ್ನು ಬೀಜ ಮಣ್ಣಿಗೆ ಬೀಳುವ ಮೊದಲೇ ಬಂದು ಹೇಳಿದ. ಅವನು ಯಾರ ಮನೆಯಲ್ಲಾದರೂ ಹಣ ಪಡೆದನೇ ಇಲ್ಲವೇ ಎಂದು ಯಾರೂ ಚರ್ಚಿಸಿದ್ದು ನನಗೆ ನೆನಪಿಲ್ಲ. ಅವನು ಹೇಳಿದ್ದೂ ಆದದ್ದೂ ಒಂದೇ ಆಗಿತ್ತು.

ನೀನು ಹಣ ಬೇಡವೆಂದೆ. ಅದು ನಿನಗೂ ನಿನ್ನ ಮನಸ್ಸಿಗೂ ನಡುವಿನ ವಿಷಯ. ಅವಳು ಕೇಳಲು ಬಂದದ್ದು ನಿನ್ನ ಗುಣವನ್ನಲ್ಲ, ಪಿಂಚಣಿ ಯಾವಾಗ ಬರುತ್ತದೆ ಎಂಬುದನ್ನು. ನೀನು ನೋಟು ವಾಪಸು ಕೊಟ್ಟಾಗ ಅವಳಿಗೆ ಆ ಉತ್ತರ ಸಿಗಲಿಲ್ಲ. ಬರಿಗೈಯಲ್ಲಿ ಬಂದವಳಿಗೂ ಕೆಲಸ ಆಗುತ್ತದೆ ಎಂದು ಅವಳು ನಂಬಬೇಕಾದರೆ ಆ ಕೆಲಸ ಒಮ್ಮೆ ಆಗಿ ತೋರಿಸಬೇಕು. ಅದಾದ ಮೇಲೂ ಅವಳ ಪಕ್ಕದ ಮನೆಯವಳು ನಂಬಲಿಕ್ಕಿಲ್ಲ. ಅವಳ ಕೆಲಸವೂ ಆಗಬೇಕು. ಇದು ಬೇಗ ಮುಗಿಯುವಂಥದ್ದು ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ.

ಕೆಲವು ಮಾತು ಹೇಳುತ್ತೇನೆ. ಈಗಿನ ಕಚೇರಿ ನನ್ನ ಕಾಲದ್ದಲ್ಲ, ಹೊಂದದ್ದನ್ನು ಬಿಟ್ಟುಬಿಡು. ಸಾಧ್ಯವಾದರೆ ಸ್ಥಳ ತನಿಖೆಗೆ ಅವಳ ಮನೆಗೆ ನೀನೇ ಹೋಗು, ಮತ್ತೊಬ್ಬರ ಕೈಯಲ್ಲಿ ವರದಿ ಬರೆಸಬೇಡ. ಆಧಾರ್‌ನಲ್ಲಿ ಅವಳ ವಯಸ್ಸು 65 ತುಂಬಿದೆಯೇ ನೋಡು. ತುಂಬಿಲ್ಲದಿದ್ದರೆ ಆಗಲೇ ಹೇಳು, ನೋಡೋಣ ಅಜ್ಜಿ ಎಂದು ಕಳಿಸಬೇಡ. ತುಂಬಿದ್ದರೆ ನಿನ್ನಿಂದ ಕಡತ ರಾಜಸ್ವ ನಿರೀಕ್ಷಕರಿಗೆ, ಅವರಿಂದ ತಹಶೀಲ್ದಾರರ ಕಡೆಗೆ ಹೋಗುತ್ತದೆ ಎಂದು ಅವಳಿಗೆ ತಿಳಿಯುವಂತೆ ವಿವರಿಸು. ನೆರೆಯವರು ನಾಲ್ಕು ಜನ ಇರುವಾಗಲೇ ಹೇಳು, ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂಬುದನ್ನೂ ಸೇರಿಸಿ. ನನ್ನ ಹೆಸರಿನಲ್ಲಿ ನಡೆದದ್ದು ನಿನ್ನ ಹೆಸರಿನಲ್ಲಿ ನಡೆಯದಿರಲಿ.

ನಿಗದಿತ ದಿನಗಳೊಳಗೆ ಕೆಲಸ ಮಾಡಿಕೊಡಬೇಕೆನ್ನುವ ಸಕಾಲ ಕಾಯ್ದೆಯ ಸ್ವೀಕೃತಿ ಚೀಟಿಯನ್ನು ಅರ್ಜಿ ಹಾಕಿದವರ ಕೈಗೇ ಕೊಡಿಸು, ಮಧ್ಯವರ್ತಿಯ ಜೇಬಿಗೆ ಹೋಗಲು ಬಿಡಬೇಡ. ಆ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದೆಲ್ಲೆಡೆ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ಮೊತ್ತದಿಂದ ಯಾರ ಬಡತನವೂ ನೀಗುವುದಿಲ್ಲ, ಆದರೂ ತಡವಾದದ್ದು ಕಚೇರಿಯ ತಪ್ಪು ಎಂದು ಸರ್ಕಾರವೇ ಒಪ್ಪಿಕೊಂಡ ಕಾಗದ ಅದು. ನಿನ್ನ ಊರಿನ ಎಷ್ಟು ಜನಕ್ಕೆ ಅದು ಗೊತ್ತಿದೆ?

ಪಕ್ಕದ ಮೇಜಿನವರೊಂದಿಗೆ ಜಗಳಕ್ಕೆ ನಿಲ್ಲಬೇಡ. ಹೀಗೆ ಹೇಳುವುದು ಸರಿಯೋ ತಪ್ಪೋ ನನಗೇ ಖಾತ್ರಿಯಿಲ್ಲ. ನಿನ್ನನ್ನು ದೂರದೂರಿಗೆ ವರ್ಗ ಮಾಡಿಸಿಯಾರು ಎಂಬ ದೊಡ್ಡಮ್ಮನ ಹೆದರಿಕೆಯೂ ಇದರಲ್ಲಿ ಸೇರಿದೆ. ಆದರೆ ಅವರು ನಿನ್ನ ಹೆಸರು ಬಳಸಿದರೆ ಸುಮ್ಮನಿರಬೇಡ, ಅಲ್ಲಿ ಜಗಳವಾಡು. ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕುರ್ಚಿಗಳಲ್ಲಿ ನಮ್ಮ ಭಾಗದ ಮಕ್ಕಳೇ ಹೆಚ್ಚಾಗಿ ಕುಳಿತಿದ್ದಾರೆ. ಎದುರಿಗೆ ನಿಲ್ಲುವವರು ನಮ್ಮದೇ ತಾಯಂದಿರು. ಹೊರಗಿನವರು ಬಂದು ಹಾಳು ಮಾಡಿದರು ಎನ್ನುವ ಹಳೆಯ ಮಾತು ಈಗ ನಡೆಯುವುದಿಲ್ಲ.

ಯಾರಿಗಾಗಿ ನೆಟ್ಟಗಿರಬೇಕು ಎಂದು ಕೇಳಿದ್ದೀಯ. ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಆ ಹೆಂಗಸಿಗಾಗಿ ಎಂದು ಹೇಳಬೇಕೆನ್ನಿಸುತ್ತದೆ. ಅವಳು ಕೊಟ್ಟ ದುಡ್ಡು ಯಾರದೋ ಕೂಲಿಯದ್ದು, ನಾನು ನಂಬಿಕೆ ಗಳಿಸಿದ್ದರೆ ಅವಳ ಮನೆಯಲ್ಲೇ ಉಳಿಯುತ್ತಿದ್ದದ್ದು. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಇನ್ನೊಂದು, ಮರೆಯುವ ಮೊದಲು. ಆಸ್ತಿ ವಿವರವನ್ನು ಪ್ರತಿ ವರ್ಷ ಸಲ್ಲಿಸಬೇಕಾಗುತ್ತದೆ. ನಿನ್ನಮ್ಮ ಕೊಟ್ಟ ಬಂಗಾರವನ್ನೂ ಸೇರಿಸಿಯೇ ಬರೆ. ಮನೆಯಿಂದ ಬಂದದ್ದು ಎಂದು ಬಿಡಬೇಡ. ನಮೂನೆ ತುಂಬುವುದು ಗೊಂದಲವೆನಿಸಿದರೆ ಒಂದು ಭಾನುವಾರ ಸಿರುಗುಪ್ಪದಿಂದ ಬೆಳಗಿನ ಬಸ್ ಹಿಡಿದು ಬಾ, ಇಬ್ಬರೂ ಕುಳಿತು ತುಂಬೋಣ. ನೇಮಕಾತಿ ಆದೇಶದ ಪ್ರತಿಯನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ತರುವುದನ್ನು ಮರೆಯಬೇಡ.

ನಿನ್ನ ದೊಡ್ಡಮ್ಮ