ಕೆಟ್ಟ ಸುದ್ದಿ ಮೊದಲು ನಿನಗೇ ಗೊತ್ತಾಗಲಿ

ಪ್ರೀತಿಯ ಮಗಳೇ,

ಆರು ಜನರ ಟೀಮ್ ನಿನ್ನ ಕೈಗೆ ಬಂತು ಅಂತ ಕೇಳಿದಾಗಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಬೇಗ ಏಳು, ಡೈರಿ ಬರೆ ಅಂತ ಹೇಳೋಕೆ ನೂರು ಜನ ಸಿಗುತ್ತಾರೆ. ಅವೂ ಒಳ್ಳೆಯದೇ. ನಾನು ಒಂದೇ ವಿಷಯ ಹೇಳುತ್ತೇನೆ, ಯಾಕಂದ್ರೆ ಅದನ್ನು ಕಲಿಯೋಕೆ ನನಗೆ ತುಂಬಾ ವರ್ಷ ಬೇಕಾಯಿತು.

ನನ್ನ ಕೈಕೆಳಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಒಂದು ಸಂಜೆ ಹಾಳೆಯೊಂದನ್ನು ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತ. ಎರಡನೇ ಸಾಲಿನ ಲೆಕ್ಕ ತಪ್ಪಾಗಿತ್ತು, ಆ ಸಂಖ್ಯೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿಕೊಂಡು ಬಂದಿದ್ದ. ನಾನು ತಲೆ ಎತ್ತದೆ "ಈಗ ಹೇಳ್ತಿದ್ದೀಯಾ?" ಅಂದೆ. ಅಷ್ಟೇ. ಅವನು ಹಾಳೆ ಮಡಿಚಿಕೊಂಡು ಹೋದ. ಆಮೇಲೆ ತಿಂಗಳುಗಟ್ಟಲೆ ನನ್ನ ಮೇಜಿಗೆ ಒಂದೂ ತಪ್ಪು ಬರಲಿಲ್ಲ, ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತ ನಾನೂ ನಂಬಿದ್ದೆ. ತಪ್ಪುಗಳು ಆಗುತ್ತಲೇ ಇದ್ದವು ಮಗಳೇ, ನನಗೆ ಹೇಳುವವರು ಇರಲಿಲ್ಲ.

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಮಂಜು ಕವಿದಿತ್ತು, ರೇಡಿಯೋ ಮಾತು ಸರಿಯಾಗಿ ಕೇಳಿಸಿರಲಿಲ್ಲ, ಕಾರಣ ಒಂದೆರಡಲ್ಲ. ಆದರೆ ಟೇಕಾಫ್‌ಗೆ ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ವಾ ಅಂತ ಅನುಮಾನದಿಂದ ಕೇಳಿದ್ದ. ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಅಂತ ಖಡಾಖಂಡಿತವಾಗಿ ಹೇಳಿ ಮುಂದೆ ಹೋದರು. ಇಂಥ ಅಪಘಾತಗಳ ನಂತರವೇ ಕಿರಿಯರು ಧೈರ್ಯವಾಗಿ ಹೇಳೋದು, ಹಿರಿಯರು ಕೇಳಿಸಿಕೊಳ್ಳೋದು ಪೈಲಟ್‌ಗಳ ತರಬೇತಿಯ ಭಾಗವಾಯಿತು. ಆಪರೇಷನ್ ಥಿಯೇಟರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಚೆಕ್‌ಲಿಸ್ಟ್‌ನಲ್ಲೂ, ಚರ್ಮ ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತಿದೆ. ಒಮ್ಮೆ ಬಾಯಿ ಬಿಟ್ಟವರಿಗೆ ಎರಡನೇ ಸಲ ಮಾತಾಡೋದು ಸುಲಭ, ಅಲ್ವಾ?

ಹಾಗಾಗಿ ಯಾರಾದರೂ ತಪ್ಪು ಹೇಳಿಕೊಂಡು ಬಂದರೆ ಮೊದಲು ಲ್ಯಾಪ್‌ಟಾಪ್ ಮುಚ್ಚಿ ಮುಖ ನೋಡು, "ಹೇಳಿದ್ದು ಒಳ್ಳೇದಾಯ್ತು" ಅನ್ನು. ಯಾರು ಮಾಡಿದ್ದು ಅನ್ನೋದನ್ನ ಆಮೇಲೆ ಕೇಳಬಹುದು. ಮೀಟಿಂಗಿನಲ್ಲಿ ನಿನ್ನ ಅಭಿಪ್ರಾಯ ಕೊನೆಗೆ ಹೇಳು, ನೀನೇ ಮೊದಲು ಹೇಳಿಬಿಟ್ಟರೆ ಉಳಿದವರು ಸುಮ್ನೆ ತಲೆ ಆಡಿಸುತ್ತಾರೆ. ನಿನ್ನ ತಪ್ಪನ್ನೂ ಅವರ ಮುಂದೆಯೇ ಒಪ್ಪಿಕೋ. ಇದು ನಿನಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಅಂತ ಗೊತ್ತು, ನೀನು ನನ್ನ ಮಗಳು.

ಆ ಹುಡುಗನ ಹತ್ತಿರ ನಾನು ಕ್ಷಮೆ ಕೇಳಿದ್ದು ಅವನು ಕೆಲಸ ಬಿಡುವ ದಿನ. ಯಾವ ಸಂಜೆ, ಯಾವ ಹಾಳೆ ಅಂತ ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ, ಅವನಿಗೆ ನೆನಪಿತ್ತು.

ನಿನ್ನ
ಅಮ್ಮ