ಮೂರು ಸಲ ರಿಪೇರಿಯಾದರೂ ಕೀಗೆ ಶುರುವಾಗದ ಬೋಟ್ ಎಂಜಿನ್: ದೂರು ಪತ್ರ

ಇಂದ,
ವಾಣಿ ವಿಲಾಸ ಸಾಗರದಲ್ಲಿ ಮೀನು ಹಿಡಿಯುವ ನಿಮ್ಮ ಗ್ರಾಹಕ,
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಬೋಟಿನ ಹಿಂಬದಿಗೆ ಕೂರಿಸುವ 25 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ನಿನ ತಪ್ಪು ರಿಪೇರಿಗೆ ಪಡೆದ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮಲ್ಲಿ ಕೊಂಡ ಎಂಜಿನ್‌ಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಅಷ್ಟರಲ್ಲಿ ಮೂರು ಸಲ ಅದನ್ನು ಬೋಟ್‌ನಿಂದ ಬಿಚ್ಚಿ, ಗಾಡಿ ಮಾಡಿಕೊಂಡು, ಘಟ್ಟ ಇಳಿಸಿ ನಿಮ್ಮ ಸರ್ವೀಸ್ ಸೆಂಟರ್‌ಗೆ ತಂದಿದ್ದೇನೆ. ಮೂರು ಸಲವೂ "ಈಗ ಸರಿಯಾಗಿದೆ, ತಗೊಂಡು ಹೋಗಿ" ಅಂದಿರಿ. ಮೂರು ಸಲವೂ ನಡುನೀರಿನಲ್ಲಿ ಕೈಕೊಟ್ಟಿತು. ಕೊನೆಗೆ ದೋಷ ಹುಡುಕಿಕೊಟ್ಟವರು ಹಿರಿಯೂರಿನ ಒಬ್ಬ ಟ್ರ್ಯಾಕ್ಟರ್ ಎಲೆಕ್ಟ್ರಿಷಿಯನ್. ದೋಷ ಎಂಜಿನ್ನಿನಲ್ಲಿ ಇರಲೇ ಇಲ್ಲ, ನಿಮ್ಮವರು ಹಾಕಿದ ವೈರಿನಲ್ಲಿತ್ತು.

ಇದು ನಮಗೆ ಯಾಕೆ ಸಣ್ಣ ವಿಷಯ ಅಲ್ಲ ಅಂತ ನಿಮಗೆ ತಿಳಿದಿರಬೇಕು. ನಮ್ಮ ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ ಡ್ಯಾಂ, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ನೀರು ತಳದಲ್ಲಿದ್ದ ಕಾಲಕ್ಕೆ ತೆಪ್ಪ, ಹುಟ್ಟು ಸಾಕಾಗುತ್ತಿತ್ತು. ಈಗ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿಕೊಳ್ಳುತ್ತದೆ, ಬಲೆ ದೂರ ಬಿಡಬೇಕು. ಅದಕ್ಕೇ ಸಾಲ ಮಾಡಿ ಎಂಜಿನ್ ಕೊಂಡದ್ದು. ಎಷ್ಟೋ ವರ್ಷ ಒಣಗಿದ್ದ ನೆಲದಲ್ಲಿ ಬೆಳೆದ ಜಾಲಿ ಮರಗಳು ಈಗ ನೀರಿನೊಳಗೆ ನಿಂತಿವೆ. ಕೆಲವದರ ತುದಿ ಮೊಣಕಾಲುದ್ದ ಕೆಳಗಿರುತ್ತದೆ, ಹತ್ತಿರ ಹೋಗುವ ತನಕ ಕಾಣುವುದಿಲ್ಲ.

ಆಷಾಢದ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆ ಅನ್ನುವುದಕ್ಕೆ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಅಂಥ ಒಂದು ಬೆಳಗ್ಗೆ ಬಲೆ ಎತ್ತಿ, ಕಾಟ್ಲಾ, ರೋಹು ತುಂಬಿಕೊಂಡು ಹೊರಡಲು ಕೀ ತಿರುಗಿಸಿದೆ. ಟಕ್ ಅಂತು, ಅಷ್ಟೇ. ಮತ್ತೆ ತಿರುಗಿಸಿದೆ, ಟಕ್. ಗಾಳಿ ಬೋಟನ್ನು ಜಾಲಿ ಮರಗಳ ಕಡೆಗೆ ತಳ್ಳುತ್ತಿತ್ತು. ನನ್ನ ಬಾಮೈದ ಹುಟ್ಟು ಊರಿ ತಡೆಯುತ್ತಿದ್ದ. ನಾನು ಮೇಲಿನ ಮುಚ್ಚಳ ಬಿಚ್ಚಿ, ಎಂಜಿನ್ನಿನ ಮೇಲಿರುವ ಚಕ್ರಕ್ಕೆ (ಫ್ಲೈವೀಲ್) ಹಗ್ಗ ಸುತ್ತಿ ಎಳೆದೆ. ಎರಡನೇ ಎಳೆತಕ್ಕೆ ಎಂಜಿನ್ ಎದ್ದಿತು. ಅಷ್ಟರಲ್ಲಿ ಒಂದು ಕೊಂಬೆ ಬೋಟಿನ ಪಕ್ಕವನ್ನು ಮೊಳದುದ್ದ ಗೀರಿಯಾಗಿತ್ತು. ಬಾಮೈದನಿಗೆ ಈಜು ಅಷ್ಟಾಗಿ ಬಾರದು. ಆ ಗೀರು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಹಗ್ಗಕ್ಕೆ ಶುರುವಾಗುತ್ತದೆ, ಕೀಗೆ ಆಗುವುದಿಲ್ಲ. ಈ ಮಾತನ್ನು ಮೊದಲನೇ ಸಲ ಬಂದಾಗಲೇ ನಿಮ್ಮ ಮೆಕ್ಯಾನಿಕ್‌ಗೆ ಹೇಳಿದ್ದೆ. ಎರಡೆಳೆತಕ್ಕೆ ಏಳುವ ಎಂಜಿನ್‌ನಲ್ಲಿ ಪೆಟ್ರೋಲು, ಕಿಡಿ ಎರಡೂ ಸರಿಯಾಗಿಯೇ ಇವೆ ಎಂದಲ್ಲವೇ? ಆದರೂ ಜಾಬ್ ಕಾರ್ಡಿನಲ್ಲಿ ಬರೆದದ್ದು "ಪೆಟ್ರೋಲಿನಲ್ಲಿ ನೀರು, ಕಾರ್ಬುರೇಟರ್ ಕ್ಲೀನ್, ಪ್ಲಗ್ ಬದಲು" ಎಂದು. ಎರಡನೇ ಸಲ ಹೊಸ ಬ್ಯಾಟರಿ. ಮೂರನೇ ಸಲ, ಕೀ ತಿರುಗಿಸಿದಾಗ ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟಾರನ್ನೇ ಬದಲಿಸಿ 11,400 ರೂಪಾಯಿ ಬಿಲ್ ಮಾಡಿದಿರಿ. ವಾರಂಟಿ ಕೇಳಿದ್ದಕ್ಕೆ "ನೀರು ಹೊಕ್ಕು ಸುಟ್ಟಿದೆ, ವಾರಂಟಿ ಬರಲ್ಲ" ಅಂದರು. ಹಳೆ ಮೋಟಾರನ್ನು ನಾನು ವಾಪಸ್ ತಂದಿದ್ದೆ. ಹಿರಿಯೂರಿನಲ್ಲಿ ಬ್ಯಾಟರಿಗೆ ಹಚ್ಚಿ ನೋಡಿದರೆ ಗರಗರ ತಿರುಗುತ್ತದೆ. ಈಗಲೂ ತಿರುಗುತ್ತದೆ.

ಆ ಎಲೆಕ್ಟ್ರಿಷಿಯನ್ ಎಂಜಿನ್ ಬಿಚ್ಚಿಸಲಿಲ್ಲ. ದಡಕ್ಕೇ ಬಂದು ಬೋಟಿನಲ್ಲಿ ಕೂತು, "ಟಕ್ ಅನ್ನೋ ತನಕ ಕೀ ತಿರುಗಿಸ್ತಾ ಇರಣ್ಣ, ತೊಂದ್ರೆ ಬಂದಾಗ್ಲೇ ಅಳೀಬೇಕು" ಅಂದರು. ಏಳೆಂಟು ಸಲ ಚೆನ್ನಾಗಿ ಶುರುವಾಯಿತು. ಆಮೇಲೆ ಟಕ್. ಟಕ್ ಕೇಳಿಸಿತು ಅಂದರೆ ನ್ಯೂಟ್ರಲ್ ಸ್ವಿಚ್ಚಿನದು (ಗೇರ್ ಬಿದ್ದಿದ್ದರೆ ಎಂಜಿನ್ ಶುರುವಾಗದಂತೆ ತಡೆಯುವ ಸ್ವಿಚ್ಚು) ತಪ್ಪಲ್ಲ, ಅದು ಹೋಗಿದ್ದರೆ ಆ ಸದ್ದೂ ಬರುವುದಿಲ್ಲ ಎಂದರು. ಕೀ ತಿರುಗಿಸಿ ಹಿಡಿದಾಗ ಮೀಟರಿನಲ್ಲಿ ಬ್ಯಾಟರಿ 12 ವೋಲ್ಟ್ ಮೇಲೆಯೇ ನಿಂತಿತ್ತು. ಬ್ಯಾಟರಿ ಸತ್ತಿದ್ದರೆ ಆಗ ಕುಸಿಯಬೇಕಿತ್ತು. ಮುಂದೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಲೋಹದ ಮೈಗೆ ಇಟ್ಟರು. ಅಲ್ಲಿ ಅರ್ಧ ವೋಲ್ಟ್ ಕೂಡ ಕಾಣಬಾರದಂತೆ. ಕಂಡದ್ದು ಹತ್ತು ವೋಲ್ಟ್. ಅಂದರೆ ಅವೆರಡರ ನಡುವಿನ ವೈರಿನಲ್ಲೇ ಕರೆಂಟು ತಡೆಯುತ್ತಿದೆ.

ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್‌ಗೆ ಹೋಗುವ ಆ ಅರ್ಥ್ ವೈರನ್ನು ಕೈಯಲ್ಲಿ ಸವರುತ್ತಾ ಹೋದರು. ಸೀಟಿನ ಕೆಳಗೆ ಒಂದು ಕಡೆ ಕಪ್ಪು ಟೇಪ್ ಸುತ್ತಿತ್ತು. ಬಿಚ್ಚಿದರೆ ಎರಡು ವೈರನ್ನು ಬರೀ ಹೊಸೆದು ಸೇರಿಸಿದ್ದಾರೆ. ವೈರಿನ ತುದಿಗೆ ಒತ್ತಿ ಕೂರಿಸುವ ಲಗ್ ಇಲ್ಲ, ಬೆಸುಗೆ ಇಲ್ಲ. ತಾಮ್ರದ ಎಳೆಗಳು ಹಸಿರುಗಟ್ಟಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಉದುರಿದವು. ಎಂಜಿನ್ ಕೂರಿಸಿದ ದಿನ ನಿಮ್ಮವರು ಬ್ಯಾಟರಿಯನ್ನು ಮುಂದಿನ ಸೀಟಿನ ಕೆಳಗಿಟ್ಟು, ವೈರು ಗಿಡ್ಡವಾಯಿತೆಂದು ಜೋಡಿಸಿದ ತುಂಡು ಅದು. ನೀರು ಒಸರಿ ಒಳಗೊಳಗೇ ತುಕ್ಕು ಹಿಡಿದಿದೆ. ಅಲುಗಾಡಿದಾಗ ನಾಲ್ಕು ಎಳೆ ತಾಗಿದರೆ ಎಂಜಿನ್ ಏಳುತ್ತದೆ, ತಾಗದಿದ್ದರೆ ಇಲ್ಲ.

ನಿಮ್ಮ ವರ್ಕ್‌ಶಾಪಿನಲ್ಲಿ ಪ್ರತಿ ಸಲ ಎಂಜಿನ್ ಯಾಕೆ ಚೆನ್ನಾಗಿ ಶುರುವಾಯಿತು ಅನ್ನುವುದು ಆಗ ಅರ್ಥವಾಯಿತು. ಅಲ್ಲಿ ಅದು ಸ್ಟ್ಯಾಂಡಿನ ಮೇಲೆ, ನಿಮ್ಮ ಬ್ಯಾಟರಿಗೆ, ನಿಮ್ಮ ಕೇಬಲ್ಲಿನಿಂದ ಓಡುತ್ತಿತ್ತು. ಕೆಟ್ಟ ವೈರು ಇಲ್ಲಿ ಬೋಟಿನಲ್ಲೇ ಉಳಿದಿತ್ತು. ಮೂರು ಸಲದಲ್ಲಿ ಒಮ್ಮೆಯಾದರೂ ನಿಮ್ಮವರೊಬ್ಬರು ಮೀಟರ್ ಹಿಡಿದು ಡ್ಯಾಂಗೆ ಬಂದಿದ್ದರೆ ಇದು ಅಂದೇ ಮುಗಿಯುತ್ತಿತ್ತು. ಬನ್ನಿ ಎಂದು ಎರಡು ಸಲ ಫೋನಿನಲ್ಲಿ ಕೇಳಿಕೊಂಡಿದ್ದೆ. "ಎಂಜಿನ್ ತಗೊಂಡು ಬನ್ನಿ" ಅನ್ನುವುದೊಂದೇ ಉತ್ತರ.

ನಡುವೆ ಜೋಡಣೆ ಇಲ್ಲದ ದಪ್ಪ ತಾಮ್ರದ ಕೇಬಲ್ ಹಾಕಿಸಿದ ಮೇಲೆ ಒಂದು ದಿನವೂ ತಪ್ಪಿಲ್ಲ. ಹಾಗಾಗಿ ಸ್ಟಾರ್ಟರ್ ಮೋಟಾರ್, ಬ್ಯಾಟರಿ, ಕಾರ್ಬುರೇಟರ್ ಕೆಲಸ ಇವುಗಳ ಪೂರ್ತಿ ಹಣ, ಮೂರು ಸಲದ ಗಾಡಿ ಬಾಡಿಗೆ, ಹೊಸ ಕೇಬಲ್ಲಿನ ಖರ್ಚು ನನಗೆ ವಾಪಸ್ ಬರಬೇಕು. ಹಣಕ್ಕಿಂತ ಮೊದಲು ಇನ್ನೊಂದು ಕೆಲಸ ಆಗಬೇಕು. ಇದೇ ಡ್ಯಾಂನಲ್ಲಿ ಇನ್ನೂ ಎರಡು ಬೋಟ್‌ಗೆ ನಿಮ್ಮವರೇ ಎಂಜಿನ್ ಕೂರಿಸಿದ್ದಾರೆ. ಅವುಗಳ ವೈರಿಂಗನ್ನು ಈ ವಾರವೇ ಬಂದು ನೋಡಿ. ಅವರಿಗೂ ಮಕ್ಕಳುಮರಿ ಇದ್ದಾರೆ.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಕೊಡದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆಂದು ಕೊಂಡವನೂ ಆ ಕಾಯ್ದೆಯಲ್ಲಿ ಗ್ರಾಹಕನೇ.

ಮೂರು ಜಾಬ್ ಕಾರ್ಡ್, ಬಿಲ್ಲುಗಳ ನಕಲು ಮತ್ತು ಮೀಟರಿನ ಫೋಟೋ ಇದರ ಜೊತೆಗಿವೆ. ಹಸಿರುಗಟ್ಟಿದ ಆ ವೈರಿನ ತುಂಡು, ಹಳೆ ಮೋಟಾರ್ ನನ್ನ ಹತ್ತಿರ ಇವೆ. ನಿಮ್ಮವರು ಬಂದರೆ ಅವರ ಮುಂದೆಯೇ ತಿರುಗಿಸಿ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ