ಎಳೆಯ ಆಟಗಾರರನ್ನು ಕೊಡುವ ಮುನ್ನ ಒಪ್ಪಂದದ ಅವಧಿ ನೋಡಲಿ

ಮಾನ್ಯರೇ,

ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಆಟಗಾರರ ವಿನಿಮಯದ ಗಡುವು ಹತ್ತಿರವಾದಾಗಲೆಲ್ಲ, ಈ ವರ್ಷವೇ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ಗೆಲ್ಲಲು ಎಳೆಯ ಪ್ರತಿಭೆಗಳನ್ನು ಬಿಟ್ಟುಕೊಡಬೇಕೇ ಎಂಬ ಚರ್ಚೆ ಏಳುತ್ತದೆ. ಕೊಡಲೇಬಾರದು ಎಂಬ ವಾದವನ್ನು ಒಪ್ಪಲಾಗದು. 1995ರಲ್ಲಿ ಡಲ್ಲಾಸ್ ತಂಡ 18 ವರ್ಷದ ಜರೋಮ್ ಇಗಿನ್ಲಾ ಅವರನ್ನು ಕ್ಯಾಲ್ಗರಿಗೆ ಕೊಟ್ಟು ಜೋ ನ್ಯೂವೆಂಡೈಕ್ ಅವರನ್ನು ಪಡೆಯಿತು. ಇಗಿನ್ಲಾ ಮುಂದೆ 625 ಗೋಲು ಹೊಡೆದರು, ನಿಜ. ಆದರೆ 1999ರಲ್ಲಿ ಡಲ್ಲಾಸ್ ಕಪ್ ಗೆದ್ದಿತು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ನ್ಯೂವೆಂಡೈಕ್ ಅವರಿಗೇ ಬಂತು. ಆ ವಿನಿಮಯ ಫಲ ಕೊಡಲು ಮೂರೂವರೆ ವರ್ಷ ಬೇಕಾಯಿತು ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ.

ಬರುವ ಆಟಗಾರ ಎಷ್ಟು ಕಾಲ ಉಳಿಯುತ್ತಾನೆ ಎಂಬುದೇ ಇಲ್ಲಿ ಮುಖ್ಯ. ಫ್ಲೋರಿಡಾ ತಂಡವನ್ನೇ ನೋಡಿ. 2022ರ ಮಾರ್ಚ್‌ನಲ್ಲಿ ಅದು ಓವನ್ ಟಿಪೆಟ್ ಅವರ ಜೊತೆಗೆ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ (ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಹಕ್ಕು) ಕೊಟ್ಟು ಕ್ಲೋಡ್ ಜಿರೂ ಅವರನ್ನು ತಂದಿತು. ಜಿರೂ ಒಪ್ಪಂದ ಆ ಬೇಸಿಗೆಗೇ ಮುಗಿಯುವಂತಿತ್ತು. ಎರಡನೇ ಸುತ್ತಿನಲ್ಲಿ ಟ್ಯಾಂಪಾ ಎದುರು 0-4 ಪಂದ್ಯಗಳಿಂದ ಸೋತದ್ದಾಯಿತು, ಜಿರೂ ಒಟ್ಟಾವಾ ಸೇರಿದರು, ಟಿಪೆಟ್ ಮರುವರ್ಷ ಫಿಲಡೆಲ್ಫಿಯಾ ಪರ 27 ಗೋಲು ಹೊಡೆದರು. ಅದೇ ಫ್ಲೋರಿಡಾ 2022ರ ಜುಲೈನಲ್ಲಿ ಇನ್ನೂ ದೊಡ್ಡ ಬೆಲೆ ತೆತ್ತು 24ರ ಮ್ಯಾಥ್ಯೂ ಕಚಕ್ ಅವರನ್ನು ಎಂಟು ವರ್ಷದ ಒಪ್ಪಂದದೊಂದಿಗೆ ಪಡೆಯಿತು. 2024 ಮತ್ತು 2025, ಎರಡೂ ವರ್ಷ ಕಪ್ ಅದರದ್ದೇ.

ಟ್ಯಾಂಪಾ 2020ರಲ್ಲಿ ಬ್ಲೇಕ್ ಕೋಲ್ಮನ್ ಮತ್ತು ಬಾರ್ಕ್ಲೇ ಗುಡ್ರೋ ಅವರಿಗಾಗಿ ಎರಡು ಮೊದಲ ಸುತ್ತಿನ ಹಕ್ಕುಗಳನ್ನೂ ನೋಲನ್ ಫೂಟ್ ಎಂಬ ಯುವ ಆಟಗಾರನನ್ನೂ ಕೊಟ್ಟಾಗ, ಮೂರನೇ ಸಾಲಿನ (ಮೂರನೇ ಆದ್ಯತೆಯ ದಾಳಿ ಗುಂಪಿನ) ಆಟಗಾರರಿಗೆ ಇಷ್ಟು ಬೆಲೆಯೇ ಎನ್ನಿಸುವಂತಿತ್ತು. ಆದರೆ ಇಬ್ಬರ ಒಪ್ಪಂದದಲ್ಲೂ ಇನ್ನೊಂದು ವರ್ಷ ಬಾಕಿಯಿತ್ತು. ವೇತನ ಮಿತಿಯಲ್ಲಿ (ತಂಡದ ಒಟ್ಟು ವೇತನಕ್ಕೆ ಲೀಗ್ ಹಾಕುವ ಗರಿಷ್ಠ ಮಿತಿ) ಕೋಲ್ಮನ್ 18 ಲಕ್ಷ ಡಾಲರ್, ಗುಡ್ರೋ 9.25 ಲಕ್ಷ ಡಾಲರ್ ಮಾತ್ರ ತಿನ್ನುತ್ತಿದ್ದರು. ತಂಡ ಸತತ ಎರಡು ಕಪ್ ಗೆದ್ದಿತು.

ಜಾಗ ಖಾಲಿಯಿಲ್ಲದಿದ್ದರೆ ಅವಧಿ ಉಳಿದಿದ್ದರೂ ಪ್ರಯೋಜನವಿಲ್ಲ. ವಾಷಿಂಗ್ಟನ್ 2013ರಲ್ಲಿ ಫಿಲಿಪ್ ಫೋರ್ಸ್‌ಬರ್ಗ್ ಅವರನ್ನು ಕೊಟ್ಟು 31ರ ಮಾರ್ಟಿನ್ ಎರಾಟ್ ಅವರನ್ನು ಕರೆತಂದಿತು. ಮೊದಲೆರಡು ಸಾಲುಗಳಲ್ಲಿ ಅವರಿಗೆ ನೆಲೆ ಸಿಗಲಿಲ್ಲ, ವರ್ಷದೊಳಗೆ ಹೊರಟರು. ಫೋರ್ಸ್‌ಬರ್ಗ್ ನ್ಯಾಶ್‌ವಿಲ್ ಪರ 300ಕ್ಕೂ ಹೆಚ್ಚು ಗೋಲು ಗಳಿಸಿದ್ದಾರೆ.

ಯಾರನ್ನು ಕೊಡಬೇಕು ಎಂಬುದರಲ್ಲೂ ಎಚ್ಚರ ಬೇಕು. ಬಲಿಷ್ಠ ತಂಡದ ಡ್ರಾಫ್ಟ್ ಸರದಿ ಮೊದಲ ಸುತ್ತಿನ ಕೊನೆಯಲ್ಲಿ ಬರುತ್ತದೆ, ಅಲ್ಲಿ ಸಿಕ್ಕ ಹುಡುಗ ಮೇಲೆ ಬರಲು ಹಲವು ವರ್ಷ ಹಿಡಿಯುತ್ತದೆ. ಹಾಗಾಗಿ ಆಡಲು ಸಿದ್ಧನಾದ 20ರ ಆಟಗಾರನಿಗಿಂತ ಆ ಹಕ್ಕನ್ನು ಕೊಡುವುದು ಲೇಸು. ಮೊದಲ ಒಪ್ಪಂದದಲ್ಲಿರುವ ಹುಡುಗನ ಮೂಲ ವೇತನ 10 ಲಕ್ಷ ಡಾಲರ್ ದಾಟುವುದಿಲ್ಲ. ಅವನ ಜಾಗಕ್ಕೆ ಅನುಭವಿಯನ್ನು ತಂದರೆ ಆ ಹೆಚ್ಚುವರಿ ಹಣ ವೇತನ ಮಿತಿಯಲ್ಲೇ ಹುಟ್ಟಬೇಕು. ವಿಂಗರ್‌ಗಳು (ಅಂಚಿನ ದಾಳಿಗಾರರು) ಮಾರುಕಟ್ಟೆಯಲ್ಲಿ ಸಿಗುತ್ತಾರೆ. ದಾಳಿಯ ನಡುವೆ ಆಡುವ ಒಳ್ಳೆಯ ಸೆಂಟರ್ ಮತ್ತು ಬಲಗೈ ಡಿಫೆಂಡರ್ ಸಿಗುವುದು ದುರ್ಲಭ, ಅಂಥ ಹುಡುಗರನ್ನು ಬಿಡಲೇಬಾರದು. ಡ್ರಾಫ್ಟ್ ಹಕ್ಕು ಕೊಡುವಾಗ, ಅದು ಮೊದಲ ಹತ್ತರೊಳಗೆ ಬಂದರೆ ಮುಂದಿನ ವರ್ಷಕ್ಕೆ ಜಾರುವಂತೆ ಷರತ್ತು ಹಾಕಬೇಕು. ಬರುವವನ ವೇತನದಲ್ಲಿ ಅರ್ಧದವರೆಗೆ ಹಳೆಯ ತಂಡವೇ ಹೊರಲು ನಿಯಮದಲ್ಲಿ ಅವಕಾಶವಿದೆ, ಅದನ್ನೂ ಕೇಳಬೇಕು.

ಪ್ಲೇಆಫ್‌ನ ಕೊನೆಯ ಸ್ಥಾನಕ್ಕೆ ಹೆಣಗುತ್ತಿರುವ ತಂಡವಂತೂ ಇದಕ್ಕೆ ಕೈಹಾಕಲೇಬಾರದು. ಕಪ್‌ಗೆ 16 ಪಂದ್ಯ ಗೆಲ್ಲಬೇಕು. ಒಬ್ಬ ವಿಂಗರ್ ಬಂದ ಮಾತ್ರಕ್ಕೆ ದುರ್ಬಲ ಡಿಫೆನ್ಸ್, ಸಾಧಾರಣ ಗೋಲ್‌ಕೀಪರ್ ಇರುವ ತಂಡ ನಾಲ್ಕು ಸುತ್ತು ದಾಟುವುದಿಲ್ಲ.

– ಐಸ್ ಹಾಕಿ ಆಸಕ್ತ ಓದುಗ